ಪುಕ್ಕಟೆ ಗಿಡ ಕಡಿಸಿದ ಲೆಕ್ಕ

ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ಮೇ ತಿಂಗಳಲ್ಲಿ ಮೊದಲ ಗಾಳಿಮಳೆ ಹೊಡೆದ ಮರುದಿನ ನಿಮ್ಮ ಪತ್ರಿಕೆಯ ಕಲಬುರಗಿ ಪುಟದಲ್ಲಿ ಒಂದು ಫೋಟೋ ಗ್ಯಾರಂಟಿ. ಕಾರಿನ ಮೇಲೆ ಬಿದ್ದ ಗಿಡ, ಇಲ್ಲಾ ಕರೆಂಟ್ ಕಂಬ ಎಳೆದುಕೊಂಡು ಅಡ್ಡಬಿದ್ದ ಗಿಡ. ಕೆಳಗೆ ‘ಧರೆಗುರುಳಿದ ಮರ’ ಅಂತ ಒಂದು ಸಾಲು. ಉರುಳೋದಕ್ಕೆ ಮುಂಚೆ ಅದಕ್ಕೆ ಏನಾಗಿತ್ತು, ಯಾರು ಅದನ್ನ ಏನು ಮಾಡಿದ್ದರು ಅನ್ನೋದು ಮಾತ್ರ ಯಾವತ್ತೂ ಬರುವುದಿಲ್ಲ. ಈ ಸಲ ನಮ್ಮ ಮನೆಯ ಗಿಡದ ಎರಡು ಟೊಂಗೆಯೂ ಬಿದ್ದವು. ಫೋಟೋ ಬರಲಿಲ್ಲ, ಇರಲಿ. ಅವು ಯಾಕೆ ಬಿದ್ದವು ಅಂತ ನನಗೆ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುವವನು. ಬೆಳಗಾದರೆ ತೊಗರಿ ಚೀಲ, ತೂಕ, ಕ್ವಿಂಟಲ್. ಹೀಗಾಗಿ ಗಿಡದ ಮಾತನ್ನೂ ಲೆಕ್ಕದಲ್ಲೇ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮನೆ ಆಳಂದ ರಸ್ತೆ ಕಡೆ, ಹಳೆಯ ಬಡಾವಣೆ. ಅಂಗಳದಲ್ಲಿ ಅಪ್ಪ ಹಚ್ಚಿದ ಬೇವಿನ ಗಿಡ. ನಲವತ್ತು ವರ್ಷದ್ದು. ಬೊಡ್ಡೆ ಇಬ್ಬರು ಕೈ ಹಿಡಿದರೆ ತಬ್ಬುವಷ್ಟು. ಬೇಸಿಗೆಯಲ್ಲಿ ಇಡೀ ಓಣಿಯ ಮಂದಿ ಅದರ ಕೆಳಗೆ ಕೂರುತ್ತಿದ್ದರು, ಯಾಕಂದರೆ ನಮ್ಮ ಊರಿನ ಏಪ್ರಿಲ್ ಬಿಸಿಲಿಗೆ ಮನೆಯೊಳಗಿನ ಫ್ಯಾನು ಬರೀ ಬಿಸಿಗಾಳಿ ತಿರುವುತ್ತದೆ ಅಷ್ಟೇ. ಮೂರು ವರ್ಷದ ಹಿಂದೆ ಒಂದು ದಪ್ಪ ಟೊಂಗೆ ಅಡುಗೆಮನೆಯ ತಗಡಿನ ಮೇಲೆ ಬಾಗಿತು. ಗಾಳಿ ಬಂದಾಗೆಲ್ಲ ಕಿರ್ ಅನ್ನೋದು. ಮನೆಯವರಿಗೆ ನಿದ್ದೆ ಇಲ್ಲ. ಯಾರೋ ಒಬ್ಬನ ನಂಬರು ಕೊಟ್ಟರು. ಬಂದ. ಪೆಟ್ರೋಲ್ ಗರಗಸ, ಒಂದು ಹಗ್ಗ, ಕಾಲಿಗೆ ಹವಾಯಿ ಚಪ್ಪಲಿ. ಗಿಡವನ್ನು ಒಂದು ಸುತ್ತು ನೋಡಿ, “ಕಟ್ಟಿಗಿ ನನಗ ಬಿಡ್ರಿ ಸಾಹೇಬ್ರ, ಒಂದ್ ರೂಪಾಯಿ ಬ್ಯಾಡ” ಅಂದ.

ಪುಕ್ಕಟೆ! ನನ್ನಂಥ ಲೆಕ್ಕದವನು ಬೇಡ ಅಂತಾನಾ?

ನಾನು ಮಿಲ್ಲಿಗೆ ಹೋಗಿ ಸಂಜೆ ಬಂದಾಗ ಗಿಡ ಗಿಡವಾಗಿ ಉಳಿದಿರಲಿಲ್ಲ. ಬಾಗಿದ ಟೊಂಗೆ ಒಂದೇ ತೆಗಿ ಅಂದಿದ್ದೆ. ಅವನು ದಪ್ಪ ದಪ್ಪ ಟೊಂಗೆ ಎಲ್ಲಾ ಅರ್ಧಕ್ಕೆ ಕೊಯ್ದು, ಟ್ರಾಲಿ ತುಂಬಿಸಿಕೊಂಡು ಹೋಗಿದ್ದ. ಉಳಿದದ್ದು ಒಂದು ಬೊಡ್ಡೆ, ಮೇಲೆ ಆರೇಳು ಮೋಟು. ಒಣಗಿದ ಸಣ್ಣ ಟೊಂಗೆಗಳು ಮಾತ್ರ ಇದ್ದಲ್ಲೇ ಇದ್ದವು. ಅವಕ್ಕೆ ತೂಕ ಇಲ್ಲವಲ್ಲ. ನನಗೆ ಆಗ ಸಿಟ್ಟು ಬಂತು, ಆದರೆ ಅರ್ಥ ಆಗಿರಲಿಲ್ಲ. ಈಗ ಆಗಿದೆ. ನಾನು ಅವನಿಗೆ ಕೂಲಿಯನ್ನು ಕಟ್ಟಿಗೆಯಲ್ಲಿ ಕೊಟ್ಟೆ, ಹಾಗಾಗಿ ಅವನು ಕಟ್ಟಿಗೆಯ ಕೆಲಸ ಮಾಡಿದ. ಗಿಡದ ಕೆಲಸ ಮಾಡಲಿಲ್ಲ. ಅವನ ತಪ್ಪು ಅರ್ಧ, ನನ್ನದು ಅರ್ಧಕ್ಕಿಂತ ಜಾಸ್ತಿ.

ಮುಂದಿನ ಮಳೆಗಾಲದಲ್ಲಿ ಮೋಟಿನ ಸುತ್ತ ಹತ್ತಿಪ್ಪತ್ತು ಚಿಗುರು ಒಮ್ಮೆಲೇ ಎದ್ದವು. ನೋಡಿ ಖುಷಿಪಟ್ಟೆವು, ಗಿಡ ಬದುಕಿತು ಅಂತ. ಎರಡೇ ವರ್ಷದಲ್ಲಿ ತೋಳಿನಷ್ಟು ದಪ್ಪ, ಮಾಳಿಗೆಗಿಂತ ಎತ್ತರ. ಇಲ್ಲೇ ಮೋಸ ಇರೋದು. ಸಹಜವಾಗಿ ಬೆಳೆದ ಟೊಂಗೆ ಬೊಡ್ಡೆಯ ಒಳಗಿಂದ ಕೂಡಿಕೊಂಡು ಬಂದಿರುತ್ತದೆ, ವರ್ಷಾ ವರ್ಷಾ ಎರಡರ ಕಟ್ಟಿಗೆ ಒಂದರ ಮೇಲೊಂದು ಹೆಣೆದುಕೊಳ್ಳುತ್ತದೆ. ಮೋಟಿನ ಮೇಲೆ ಎದ್ದ ಚಿಗುರು ಹಾಗಲ್ಲ, ಅದು ತೊಗಟೆಯ ಕೆಳಗಿನ ಮೇಲ್ಪದರಕ್ಕೆ ಅಂಟಿಕೊಂಡಿದ್ದು ಅಷ್ಟೇ. ಕೆಳಗೆ ಮೋಟು ಕೊಳೆಯುತ್ತಾ ಇರುತ್ತದೆ, ಮೇಲೆ ಚಿಗುರು ತೂಕ ಏರಿಸಿಕೊಳ್ಳುತ್ತಾ ಹೋಗುತ್ತದೆ. ಒಂದಿನ ಗಾಳಿ ಬರುತ್ತದೆ.

ಬಂತು. ಈ ಮೇ ತಿಂಗಳು, ರಾತ್ರಿ ಎಂಟರ ಸುಮಾರು. ಮೊದಲು ಧೂಳು, ಆಮೇಲೆ ಕರೆಂಟ್ ಹೋಯಿತು, ಆಮೇಲೆ ಪಟಾರ್ ಅಂತ ಸದ್ದು. ಎರಡು ಟೊಂಗೆ ಮೋಟಿನ ತುಂಡು ಸಮೇತ ಕಿತ್ತುಕೊಂಡು ಪಕ್ಕದ ಮನೆಯ ಮೇಲೆ ಬಿದ್ದವು. ಅವರ ನೀರಿನ ಟಾಕಿ ಒಡೆಯಿತು, ತಗಡು ಮುರಿಯಿತು, ಕೆಳಗಿದ್ದ ಸ್ಕೂಟಿ ಜಜ್ಜಿಹೋಯಿತು. ಹತ್ತು ನಿಮಿಷ ಮುಂಚೆ ಅವರ ಮೊಮ್ಮಗಳು ಅದೇ ಸ್ಕೂಟಿ ಮೇಲೆ ಕೂತು ಆಡುತ್ತಿದ್ದಳಂತೆ. ಈ ಮಾತು ಅವರು ಜಗಳಕ್ಕೆ ಅಂತ ಹೇಳಲಿಲ್ಲ. ಸುಮ್ನೆ ಹೇಳಿದರು. ಬೈದಿದ್ದರೆ ಪರವಾಗಿರಲಿಲ್ಲ. ನಾನು ಕೊಟ್ಟದ್ದು 23 ಸಾವಿರ ರೂಪಾಯಿ. ಪುಕ್ಕಟೆ ಕೆಲಸದ ಬಿಲ್ಲು ಮೂರು ವರ್ಷ ತಡವಾಗಿ ಬಂತು, ಅಷ್ಟೇ.

ನೆಲದಡಿಯ ಕಥೆಯೂ ಇದೆ. ಒಂದಿಷ್ಟು ವರ್ಷದ ಹಿಂದೆ ಅಂಗಳಕ್ಕೆ ಬೊಡ್ಡೆಯ ತನಕ ಕಾಂಕ್ರೀಟ್ ಹಾಕಿಸಿ ಮೇಲೆ ಶಹಾಬಾದ್ ಫರಸಿ ಕೂರಿಸಿದವನು ನಾನೇ. ಕಸ ಬೀಳುತ್ತದೆ, ಗುಡಿಸೋಕೆ ಸಲೀಸು ಅಂತ. ಅದಕ್ಕೂ ಮುಂಚೆ ರಸ್ತೆ ಬದಿ ಪೈಪಿಗೆ ಅಗೆದವರು ಆ ಕಡೆಯ ಬೇರು ಎಲ್ಲಾ ಜೆಸಿಬಿಯಲ್ಲಿ ಕಿತ್ತಿದ್ದರು. ದೊಡ್ಡ ಗಿಡದ ಬೇರು ಅಂದರೆ ಪಾತಾಳಕ್ಕೆ ಇಳಿದಿರುತ್ತದೆ ಅಂದುಕೊಂಡಿರುತ್ತೇವೆ. ನಿಜ ಹೇಳಬೇಕೆಂದರೆ ಬಹುಪಾಲು ಬೇರು ಮೇಲಿನ ಎರಡು ಮೂರು ಅಡಿಯಲ್ಲೇ ಅಡ್ಡಡ್ಡ ಹರಡಿರುತ್ತದೆ. ಪೈಪಿನ ಕಾಲುವೆಯೂ ಅಷ್ಟೇ ಆಳ. ಮೇಲಿಂದ ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮೊದಲ ಜೋರು ಮಳೆಗೆ ಉಬ್ಬಿ ರಾಡಿ ಆಗುತ್ತದೆ. ಬೇರಿನ ಹಿಡಿತ ಸಡಿಲ ಆಗೋದೂ, ಜೋರು ಗಾಳಿ ಬೀಸೋದೂ ಒಂದೇ ಸಂಜೆ.

ಇದು ಪಟ್ಟಣದ ಮಾತಾಯಿತು. ಹಳ್ಳಿಯಲ್ಲಿ ಇನ್ನೂ ಕಷ್ಟ. ಚಿತ್ತಾಪುರ ತಾಲೂಕಿನ ನಮ್ಮ ಊರಲ್ಲಿ ದನದ ಕೊಟ್ಟಿಗೆಗೆ ಬಾಗಿದ ಹುಣಸೆ ಗಿಡ ಒಂದಿತ್ತು. ಒಳಗೆ ಟೊಳ್ಳು. ಅಲ್ಲೂ ಅದೇ ವ್ಯವಹಾರ, ಕಟ್ಟಿಗೆಗೆ ಕೆಲಸ. ಗಿಡಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿ ಟ್ರ್ಯಾಕ್ಟರಿಗೆ ಕಟ್ಟಿ, ಬುಡದಲ್ಲಿ ಕೊಯ್ಯುತ್ತಾ ಎಳೆದರು. ಹಗ್ಗ ಗಿಡದ ಎತ್ತರಕ್ಕಿಂತ ಗಿಡ್ಡ. ಅಂದರೆ ಗಿಡ ಬರೋಬ್ಬರಿ ಎಳೆದ ಕಡೆ ಬಿದ್ದರೂ ಟ್ರ್ಯಾಕ್ಟರಿನ ಮೇಲೇ ಬೀಳಬೇಕು! ಯಾರಿಗೂ ಹೊಳೆಯಲಿಲ್ಲ. ಪುಣ್ಯಕ್ಕೆ ಗಿಡ ಆ ಕಡೆ ಬೀಳಲಿಲ್ಲ. ಪಾಪಕ್ಕೆ, ಟೊಳ್ಳು ಬೊಡ್ಡೆ ಅರ್ಧಕ್ಕೆ ಸೀಳಿ ಗರಗಸ ಹಿಡಿದ ಹುಡುಗನ ಕಡೆ ತಿರುಗಿತು. ಸೊಂಟ ಮುರಿಯಿತು. ಇವತ್ತಿಗೂ ಅವನು ಕೋಲು ಹಿಡಿದೇ ನಡೆಯೋದು. ವಿಮೆ ಇಲ್ಲ, ರಸೀದಿ ಇಲ್ಲ, ಕೆಲಸಕ್ಕೆ ಕರೆದವರು ಯಾರು ಅಂತ ಬರೆದ ಕಾಗದ ಇಲ್ಲ. ಊರವರು ಪಟ್ಟಿ ಎತ್ತಿ ಒಂದಿಷ್ಟು ಕೊಟ್ಟರು. ಗಿಡದ ಕಟ್ಟಿಗೆ ಮಾತ್ರ ಅಡ್ಡೆಗೆ ಹೋಯಿತು, ಅದರ ದುಡ್ಡು ಯಾರಿಗೋ ಸಿಕ್ಕಿತು.

ಸರಿಯಾಗಿ ಮಾಡಿದರೆ ಹೇಗಿರುತ್ತದೆ ಅಂತ ನಾನು ನೋಡಿದ್ದು ಹೈದರಾಬಾದಿನಲ್ಲಿ. ಸೋದರತ್ತೆಯ ಮನೆ, ಎರಡು ಮಹಡಿ ಕಟ್ಟಡಗಳ ನಡುವೆ ಸಿಕ್ಕಿಬಿದ್ದ ಒಣಗಿದ ಗುಲ್‌ಮೊಹರ್. ನಾಲ್ಕು ಜನ ಬಂದರು. ಮೊದಲ ಒಂದು ಗಂಟೆ ಅವರು ಗರಗಸ ಶುರುವೇ ಮಾಡಲಿಲ್ಲ. ಸುತ್ತ ನೋಡಿದರು. ಸುತ್ತಿಗೆಯಲ್ಲಿ ಬೊಡ್ಡೆಗೆ ಬಡಿದು ಕಿವಿ ಕೊಟ್ಟರು, ನಾವು ಮಡಕೆ ಕೊಳ್ಳುವಾಗ ಬಡಿದು ನೋಡಲ್ವಾ, ಹಾಗೆ. ಬುಡದಲ್ಲಿ ಬಿಸ್ಕಿಟ್ ಥರ ಗಟ್ಟಿ ಅಣಬೆ ಇತ್ತು. ಅದನ್ನು ನೋಡಿ ಒಬ್ಬ ತಲೆ ಅಲ್ಲಾಡಿಸಿದ. ಅಂಥ ಅಣಬೆ ಹೊರಗೆ ಕಂಡಿತು ಅಂದರೆ ಒಳಗೆ ಕೊಳೆತು ವರ್ಷಗಳೇ ಆಗಿರುತ್ತವೆ, ಅಂಥ ಗಿಡ ಹತ್ತೋದಕ್ಕೂ ಲಾಯಕ್ಕಿಲ್ಲ ಅಂದ. ಕ್ರೇನ್ ತರಿಸಿದರು. ಬೀದಿಯ ಎರಡೂ ಕಡೆ ಹಗ್ಗ ಕಟ್ಟಿ, ಒಬ್ಬನನ್ನು ಬರೀ ಹೋಗಿಬರುವವರನ್ನು ತಡೆಯೋದಕ್ಕೇ ನಿಲ್ಲಿಸಿದರು. ನಮ್ಮ ಕಡೆ ಅಂಥವನನ್ನು ನೋಡಿದರೆ ‘ಇವ ಏನ್ ಮಾಡಾಕತ್ತಾನ, ಸುಮ್ನೆ ನಿಂತಾನ’ ಅಂತ ಕೂಲಿ ಕಡಿಮೆ ಮಾಡುತ್ತೇವೆ.

ಆಮೇಲೆ ತುಂಡು ತುಂಡಾಗಿ, ಮೇಲಿಂದ ಕೆಳಗೆ. ಪ್ರತಿ ತುಂಡಿಗೂ ಕೊಯ್ಯುವ ಮೊದಲೇ ಹಗ್ಗ. ಆ ಹಗ್ಗ ಪಕ್ಕದ ಗಟ್ಟಿ ಗಿಡದ ಎತ್ತರದ ಕವಲಿನ ಮೇಲಿಂದ ಹಾದು, ಇನ್ನೊಂದು ತುದಿ ಅದೇ ಗಿಡದ ಬುಡಕ್ಕೆ ಮೂರು ನಾಲ್ಕು ಸುತ್ತು. ಸುತ್ತಿನ ಉಜ್ಜಾಟವೇ ಭಾರ ಹಿಡಿಯುತ್ತದೆ, ಒಬ್ಬನೇ ಮನುಷ್ಯ ಸಾವಕಾಶ ಸಡಿಲ ಬಿಡುತ್ತಾ ಇಳಿಸುತ್ತಾನೆ. ಭಾರ ಎಷ್ಟು ಅಂತೀರಾ? ಅರ್ಧ ಮೀಟರ್ ದಪ್ಪ, ಮೂರು ಮೀಟರ್ ಉದ್ದದ ಹಸಿ ತುಂಡು ಸುಲಭವಾಗಿ ಐದು ಕ್ವಿಂಟಲ್ ದಾಟುತ್ತದೆ. 50 ಕಿಲೋದ ಹತ್ತು ತೊಗರಿ ಚೀಲ ಒಟ್ಟಿಗೆ ಮಾಳಿಗೆ ಮೇಲಿಂದ ಬಿಟ್ಟಂಗೆ. ಒಣಗಿದ ಗಿಡದ್ದು ಅದಕ್ಕಿಂತ ಹಗುರ, ಆದರೂ ಭಾರವೇ. ಅಲ್ಲಿ ಒಂದು ತುಂಡೂ ಬೀಳಲಿಲ್ಲ, ಇಳಿಯಿತು. ಕೆಳಗಿದ್ದ ತುಳಸಿಕಟ್ಟೆಯ ಒಂದು ಇಟ್ಟಿಗೆಯೂ ಅಲ್ಲಾಡಲಿಲ್ಲ.

ಅವರ ಮುಖ್ಯಸ್ಥನನ್ನು ಚಹಾ ಕುಡಿಸುತ್ತಾ ಮಾತಿಗೆ ಎಳೆದೆ. ಟೊಂಗೆ ಕೊಯ್ಯೋದಕ್ಕೆ ಮೂರು ಕೊಯ್ತ ಬೇಕಂತೆ. ಮೊದಲು ಸ್ವಲ್ಪ ದೂರದಲ್ಲಿ ಕೆಳಗಿಂದ ಒಂದಿಷ್ಟು, ಆಮೇಲೆ ಅದರಾಚೆ ಮೇಲಿಂದ ಪೂರ್ತಿ, ಭಾರ ಹೋದ ಮೇಲೆ ಉಳಿದ ಮೋಟನ್ನು ಬೊಡ್ಡೆಯ ಹತ್ತಿರದ ಉಬ್ಬಿಗೆ ಸರಿಯಾಗಿ. ಆ ಉಬ್ಬು ಉಳಿದರೆ ಗಿಡ ತಾನೇ ಗಾಯ ಮುಚ್ಚಿಕೊಳ್ಳುತ್ತದೆ. ಒಂದೇ ಏಟಿಗೆ ಮೇಲಿಂದ ಕೊಯ್ದರೆ ಟೊಂಗೆ ಬೀಳುವಾಗ ಬೊಡ್ಡೆಯ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು ಹೋಗುತ್ತದೆ. ನಮ್ಮ ಬೇವಿಗೆ ಆಗಿದ್ದು ಇದೇ.

ಇಡೀ ಗಿಡ ಕೆಡಹುವುದಾದರೆ ಬೀಳಬೇಕಾದ ಕಡೆ ದಪ್ಪದ ಕಾಲು ಭಾಗದಷ್ಟು ಕಚ್ಚು ಹಾಕಿ, ಹಿಂದಿನಿಂದ ಕೊಯ್ಯುತ್ತಾ ಬಂದು ನಡುವೆ ಹತ್ತರಲ್ಲೊಂದು ಪಾಲು ಕೊಯ್ಯದೆ ಬಿಡಬೇಕು. ಅದು ಬಾಗಿಲಿನ ಬಿಜಾಗರಿ ಇದ್ದ ಹಾಗೆ. ಗಿಡ ಅದರ ಮೇಲೆ ತಿರುಗಿ, ಹೇಳಿದ ಕಡೆ ಮಲಗುತ್ತದೆ. ಪೂರ್ತಿ ಕೊಯ್ದರೆ ಬಿಜಾಗರಿ ಇಲ್ಲದ ಬಾಗಿಲು, ಎತ್ತ ಬೇಕಾದರೂ ಬೀಳಬಹುದು. ಟೊಳ್ಳು ಗಿಡದಲ್ಲಿ ಬಿಜಾಗರಿ ಹಿಡಿಯೋದಕ್ಕೆ ಕಟ್ಟಿಗೆಯೇ ಇರುವುದಿಲ್ಲ. ಊರಿನ ಹುಣಸೆ ಯಾಕೆ ಸೀಳಿತು ಅಂತ ನನಗೆ ಆ ಚಹಾದ ಹೊತ್ತಿಗೆ ತಿಳಿಯಿತು. ನೋಡುವ ಮಂದಿ ಗಿಡದ ಎತ್ತರದ ಎರಡು ಪಟ್ಟು ದೂರ ಇರಬೇಕಂತೆ. ನಮ್ಮಲ್ಲಿ ಗಿಡ ಬೀಳಿಸುತ್ತಾರೆ ಅಂದರೆ ಶಾಲೆ ಹುಡುಗರೆಲ್ಲ ಬುಡದಲ್ಲೇ ಹಾಜರ್, ಮೊಬೈಲ್ ಹಿಡಿದ ದೊಡ್ಡವರು ಅವರಿಗಿಂತ ಮುಂದೆ.

ದುಡ್ಡು ಜಾಸ್ತಿಯೇ ತೆಗೆದುಕೊಂಡರು, ಸುಳ್ಳು ಹೇಳೋದಿಲ್ಲ. ನನ್ನ 23 ಸಾವಿರಕ್ಕಿಂತ ಜಾಸ್ತಿ. ಆದರೆ ಕಟ್ಟಿಗೆ ಅತ್ತೆಯ ಹತ್ತಿರವೇ ಉಳಿಯಿತು, ಅದನ್ನು ಅವರು ಬೇರೆ ಮಾರಿಕೊಂಡರು. ಕೆಲಸದ ಬೆಲೆ ಬೇರೆ, ಕಟ್ಟಿಗೆಯ ಬೆಲೆ ಬೇರೆ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೇ ನಮ್ಮ ಕಡೆಯ ರೋಗ. ಕಟ್ಟಿಗೆ ಮೇಲೆ ಕಣ್ಣಿಟ್ಟವನು ಬೇಗ ಕೆಡವಬೇಕು, ದಪ್ಪದ್ದನ್ನೇ ಕೊಯ್ಯಬೇಕು, ಹಗ್ಗ ಕಟ್ಟಿ ಹೊತ್ತು ಕಳೆಯಬಾರದು. ಅಪಾಯದ ಒಣ ಟೊಂಗೆಯಲ್ಲಿ ಅವನಿಗೆ ಲಾಭ ಇಲ್ಲ, ಗಟ್ಟಿಮುಟ್ಟಾದ ಟೊಂಗೆಯಲ್ಲಿ ಇದೆ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ.

ಇನ್ನೊಂದು ಮಾತು. ಇದನ್ನು ಓದಿ ಯಾರಾದರೂ ನಾಳೆನೇ ಅಂಗಳದ ಗಿಡ ಕಡಿಸೋಕೆ ಹೊರಟರೆ ನನ್ನ ಪಾಪ ಇನ್ನೂ ಹೆಚ್ಚುತ್ತದೆ. ‘ಅಪಾಯ’ ಅನ್ನೋ ಶಬ್ದ ಈಗ ಬಹಳ ಅಗ್ಗ ಆಗಿದೆ. ಅಂಗಡಿ ಬೋರ್ಡ್ ಕಾಣಲ್ಲ ಅಂತ ಅಪಾಯ, ಕಾರ್ ನಿಲ್ಲಿಸೋಕೆ ಜಾಗ ಇಲ್ಲ ಅಂತ ಅಪಾಯ, ವಾಸ್ತುವಿನವನು ಬಂದು ಹೋದ ಅಂತ ಅಪಾಯ. ಬೇವಿಗಂತೂ ಈಚಿನ ವರ್ಷಗಳಲ್ಲಿ ಇನ್ನೊಂದು ಕಂಟಕ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ಟೊಂಗೆಯ ತುದಿಗಳೆಲ್ಲ ಕಂದು ಆಗಿ ಸುಟ್ಟಂಗೆ ಕಾಣುತ್ತವೆ. ಫೋಮೋಪ್ಸಿಸ್ ಅನ್ನೋ ಶಿಲೀಂಧ್ರದ ಕೆಲಸ ಅದು, ಚಹಾ ಸೊಳ್ಳೆ ಅಂತ ಕರೆಯುವ ತಿಗಣೆಯೂ ಕೂಡಿಕೊಂಡು ಚಿಗುರು ಒಣಗಿಸುತ್ತದೆ. ಪಕ್ಕದ ತೆಲಂಗಾಣದಲ್ಲೂ ಇದೇ ಗೋಳು. ನೋಡಿದವರು ಗಿಡ ಸತ್ತಿತು ಅಂತ ಕೊಡಲಿ ಹಿಡಿಯುತ್ತಾರೆ. ಉಗುರಿನಿಂದ ಸಣ್ಣ ಟೊಂಗೆಯ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಎಷ್ಟೋ ಗಿಡ ಯುಗಾದಿ ಹೊತ್ತಿಗೆ ಮತ್ತೆ ಚಿಗುರುತ್ತವೆ.

ನಿಜವಾಗಿ ಹೆದರಬೇಕಾದ್ದು ಬೇರೆ. ನಿನ್ನೆ ಮೊನ್ನೆಯ ತನಕ ನೆಟ್ಟಗಿದ್ದ ಗಿಡ ಒಮ್ಮೆಲೇ ವಾಲಿ, ಅದರ ಹಿಂದಿನ ಮಣ್ಣು ಎದ್ದು ಬಿರುಕು ಬಿಟ್ಟಿದ್ದರೆ ಆ ಗಿಡದ ಹತ್ತಿರ ನಿಲ್ಲಬೇಡಿ. ಬುಡದಲ್ಲಿ ಅಣಬೆ. ಎರಡು ದಪ್ಪ ಕಾಂಡ ಇಕ್ಕಟ್ಟಾಗಿ ಕೂಡಿದ ಕಡೆ ಸೀಳು. ಬುಡದ ತೊಗಟೆ ಉದುರಿ ಒಳಗೆ ಪುಡಿ. ಗುಲ್‌ಮೊಹರ್ ಆದರೆ ಜರಾ ಜಾಸ್ತಿನೇ ಕಣ್ಣಿಡಿ, ಮಡಗಾಸ್ಕರಿನಿಂದ ಬಂದ ಗಿಡ, ಹೂವು ಚೆಂದ, ಕಟ್ಟಿಗೆ ಪೊಳ್ಳು. ಇದನ್ನೆಲ್ಲ ನೋಡೋದಕ್ಕೆ ಮಾರ್ಚ್ ತಿಂಗಳು ಸರಿ, ಗಾಳಿ ಶುರುವಾಗೋದಕ್ಕೆ ಮುಂಚೆ.

ತಂತಿ ತಾಗುವ ಗಿಡವನ್ನಂತೂ ಯಾರೂ ಮುಟ್ಟಬೇಡಿ. ಹಸಿ ಟೊಂಗೆಯಲ್ಲಿ ಕರೆಂಟ್ ಹರಿಯುತ್ತದೆ. ಲೈನ್‌ಮನ್ ಬಂದು ಎಲ್‌ಸಿ, ಅಂದರೆ ಲೈನಿನ ಕರೆಂಟ್ ಬಂದ್ ಮಾಡಿಸಿದ ಖಾತ್ರಿ, ತಗೊಂಡ ಮೇಲೆನೇ ಗರಗಸ. ಕರೆಂಟಿನವರ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಕಾಯಿರಿ, ಮತ್ತೆ ಮಾಡಿ.

ಅನುಮತಿ ವಿಷಯ ಬಹಳ ಮಂದಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಸ್ವಂತ ಅಂಗಳದ ಗಿಡವಾದರೂ ಕಡಿಯೋದಕ್ಕೆ ವೃಕ್ಷ ಅಧಿಕಾರಿಯ, ಅಂದರೆ ಇದಕ್ಕೆ ಅಂತ ಗೊತ್ತುಮಾಡಿದ ಅರಣ್ಯ ಅಧಿಕಾರಿಯ ಅನುಮತಿ ಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೇ ಇದೆ. ನೀಲಗಿರಿ, ಸರ್ವೆ, ಸುಬಾಬುಲ್, ತೆಂಗು ಇಂಥ ಕೆಲವಕ್ಕೆ ವಿನಾಯಿತಿ. ಜೀವಕ್ಕೋ ಆಸ್ತಿಗೋ ಅಪಾಯ ಅನ್ನೋದು ಅನುಮತಿ ಕೊಡೋದಕ್ಕೆ ಕಾಯ್ದೆಯಲ್ಲೇ ಬರೆದಿರುವ ಕಾರಣ. ಬದಲಿಗೆ ಇನ್ನೊಂದು ಗಿಡ ಹಚ್ಚಿ ಅಂತ ಷರತ್ತೂ ಹಾಕಬಹುದು, ಅದು ಒಳ್ಳೆಯದೇ. ಟೊಂಗೆ ಬಿದ್ದ ಮೇಲೆ ನಾನು ಅರ್ಜಿ ಹಿಡಿದು ಹೋದೆ. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು, ಅವರು ಮೊದಲಿನದಕ್ಕೇ ಕಳಿಸಿದರು. ಮೂರನೇ ಸಲ ಹೋದಾಗ ಅಲ್ಲಿದ್ದ ಒಬ್ಬರು ಹೊರಗೆ ಬಂದು ಮೆಲ್ಲಗೆ, “ಯಾರಿಗಾದ್ರು ಕಟ್ಟಿಗಿ ಕೊಟ್ಟು ಕಡಿಸಿಬಿಡ್ರಿ, ಪುಕ್ಕಟ ಆಗ್ತದ” ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೊನೆಗೆ ಅನುಮತಿ ಸಿಕ್ಕಿತು. ಆದರೆ ಗಿಡ ಪೂರ್ತಿ ತೆಗೆಸೋದಕ್ಕೆ ನನಗೆ ಇನ್ನೊಂದು ಹೆದರಿಕೆ. ಎರೆ ಮಣ್ಣಿನಲ್ಲಿ ನಿಂತ ದೊಡ್ಡ ಗಿಡ ನೆಲದ ನೀರು ಹೀರಿಕೊಂಡು ಮಣ್ಣನ್ನು ಒಣಗಿಸಿ ಇಟ್ಟಿರುತ್ತದೆ. ಗಿಡ ಹೋದ ಮೇಲೆ ಆ ಮಣ್ಣು ಮಳೆ ಮಳೆಗೂ ನೀರು ಕುಡಿದು ಉಬ್ಬುತ್ತದೆ, ಹತ್ತಿರದ ಪಾಯವನ್ನು ಎತ್ತುತ್ತದೆ. ಗೋಡೆ ಬಿರುಕು ಬಿಟ್ಟ ಮೇಲೆ ಮನೆಯವರು ದೇವರ ಗಿಡ ಕಡಿದ ಶಾಪ ಅಂತಾರೆ. ನಮ್ಮ ಮನೆ ಗೋಡೆಗೂ ಬೊಡ್ಡೆಗೂ ಆರು ಅಡಿ ಅಂತರ. ಇಂಥದ್ದನ್ನು ನೋಡಿ ಹೇಳುವವರು ಈ ಊರಲ್ಲಿ ಯಾರಿದ್ದಾರೆ? ಗೌಂಡಿಯನ್ನು ಕೇಳಿದರೆ ‘ಕಡಿಸಿ’, ಪೂಜಾರಿಯನ್ನು ಕೇಳಿದರೆ ‘ಮುಟ್ಟಬೇಡಿ’.

ನಾನು ಸರ್ಕಾರದವರನ್ನು ಕೇಳೋದು ದೊಡ್ಡದೇನಲ್ಲ. ನಮ್ಮ ಜಿಲ್ಲೆಯಲ್ಲಿ ಐಟಿಐಗಳಿವೆ, ವೆಲ್ಡಿಂಗ್ ಕಲಿಸುತ್ತೀರಿ, ವೈರಿಂಗ್ ಕಲಿಸುತ್ತೀರಿ. ಗಿಡ ಹತ್ತೋದು, ಹಗ್ಗ ಕಟ್ಟೋದು, ಗರಗಸ ಹಿಡಿಯೋದು ಒಂದು ತಿಂಗಳಾದರೂ ಕಲಿಸಿ. ಈಗ ಕಟ್ಟಿಗೆಗೆ ಕಡಿಯುತ್ತಿರುವ ಅದೇ ಹುಡುಗರನ್ನು ಕರೆದು ಕಲಿಸಿ. ಅವರಿಗೆ ಧೈರ್ಯ ಇದೆ, ಮೈಯಲ್ಲಿ ಕಸುವಿದೆ, ಇಲ್ಲದ್ದು ಹೆಲ್ಮೆಟ್ಟು, ಬೆಲ್ಟು ಮತ್ತು ವಿಮೆ. ಕಲಿತವರ ಪಟ್ಟಿ ಒಂದನ್ನು ಪ್ರತಿ ತಾಲೂಕಿನಲ್ಲಿ ಗೋಡೆಗೆ ಅಂಟಿಸಿ. ಅನುಮತಿ ಪತ್ರದಲ್ಲೇ, ಕೂಲಿ ದುಡ್ಡಿನಲ್ಲಿ ಕೊಡತಕ್ಕದ್ದು, ಕಟ್ಟಿಗೆಯಲ್ಲಿ ಅಲ್ಲ ಅಂತ ಒಂದು ಸಾಲು ಸೇರಿಸಿದರೂ ನನಗೆ ಸಾಕು. ದುಡ್ಡು ಕೊಡೋಕೆ ಆಗದ ಬಡವರ ಅಂಗಳದ ಗಿಡಕ್ಕೆ ಸರ್ಕಾರ ಭರಿಸಲಿ. ಗಿಡ ಬಿದ್ದ ಮೇಲೆ ಪರಿಹಾರ ಕೊಡೋದಕ್ಕಿಂತ ಅಗ್ಗ ಆಗುತ್ತದೆ, ಬೇಕಾದರೆ ಲೆಕ್ಕ ನಾನೇ ಬರೆದುಕೊಡುತ್ತೇನೆ.

ನಮ್ಮ ಬೇವು ಈಗಲೂ ನಿಂತಿದೆ. ಉಳಿದ ಐದು ಮೋಟಿನ ಮೇಲೆ ಐದು ದಪ್ಪ ಚಿಗುರು, ಅದರಲ್ಲಿ ಒಂದು ನೇರ ನಮ್ಮ ಅಡುಗೆಮನೆಯ ತಗಡಿನ ಮೇಲೆ. ಫರಸಿ ಎತ್ತಿಸಿ, ಕಾಂಕ್ರೀಟ್ ಒಡೆಸಿ ಬುಡಕ್ಕೆ ಜಾಗ ಬಿಟ್ಟಿದ್ದೇನೆ. ಪಕ್ಕದ ಮನೆಯವರಿಗೆ ಗಾಳಿ ಬರುವ ದಿನ ಸ್ಕೂಟಿ ನಮ್ಮ ಬಾಗಿಲ ಮುಂದೆ ನಿಲ್ಲಿಸಿ ಅಂತ ಹೇಳಿದ್ದೇನೆ. ಕಲಬುರಗಿಯಲ್ಲೋ ಬೀದರಿನಲ್ಲೋ ಹಗ್ಗ ಕಟ್ಟಿ ಟೊಂಗೆ ಇಳಿಸಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಇದೇ ಅಂಕಣಕ್ಕೆ ಬರೆಯಿರಿ. ಕೂಲಿ ನಗದು. ಕಟ್ಟಿಗೆ ನನಗೇ ಇರಲಿ.

ಒಬ್ಬ ಓದುಗ, ಕಲಬುರಗಿ